ಟ್ರಂಪೆಟ್‌ನಲ್ಲಿ ಬಂದ ಆ ಹಾಡು ಆಮೇಲೆ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ನಾನು ಎಂಟು ವರ್ಷ ಕರ್ನಾಟಕ ಸಂಗೀತದಲ್ಲಿ ವಯಲಿನ್ ಕಲಿತಿದ್ದೇನೆ. ಪಾಶ್ಚಾತ್ಯ ಸಂಗೀತದ ಗಂಧ ಇಲ್ಲ, ಕೇಳುವ ಆಸೆ ಇದೆ. ಗೆಳೆಯರೊಬ್ಬರು ಅಮೆರಿಕದ ವಿಲಿಯಂ ಗ್ರಾಂಟ್ ಸ್ಟಿಲ್ ಅವರ ‘ಆಫ್ರೋ-ಅಮೆರಿಕನ್ ಸಿಂಫನಿ’ಯಿಂದ ಶುರು ಮಾಡು ಅಂದರು. ಮೊದಲಲ್ಲಿ ಟ್ರಂಪೆಟ್‌ನಲ್ಲಿ ಒಂದು ಹಾಡಿನಂಥದ್ದು ಬಂತು, ತುಂಬ ಇಷ್ಟವಾಯಿತು. ಆಮೇಲೆ ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಥೀಮ್ ಅಂದರೆ ನಿಜಕ್ಕೂ ಏನು? ಅದನ್ನು ಹಿಡಿದುಕೊಂಡು ಹೋಗುವುದು ಹೇಗೆ? ಮೂರನೇ ಭಾಗದಲ್ಲಿ ಅಮೆರಿಕದ ಹೆಸರಾದ ಹಾಡು ಸಂಯೋಜಕ ಗರ್ಶ್‌ವಿನ್ ಅವರ ಹಾಡನ್ನು ಕದ್ದಿದ್ದಾರೆ ಅಂತಲೂ ಎಲ್ಲೋ ಓದಿದೆ, ನಿಜವಾ?

ಉತ್ತರ: ನೀವು ದಾರಿ ತಪ್ಪಿದ ಜಾಗ ಯಾವುದು ಅಂತ ನನಗೆ ಹೆಚ್ಚುಕಡಿಮೆ ಗೊತ್ತು. ನನ್ನ ಹತ್ತಿರ ಸಿಂಫನಿ (ಅಂದರೆ ಆರ್ಕೆಸ್ಟ್ರಾಗೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ) ಕೇಳುವುದನ್ನು ಕಲಿಯಲು ಬಂದವರು ಬಹಳ ಜನ ಅಲ್ಲೇ ಎಡವುತ್ತಾರೆ. ಕರ್ನಾಟಕ ಸಂಗೀತ ಚೆನ್ನಾಗಿ ಗೊತ್ತಿದ್ದವರು ಇನ್ನೂ ಜೋರಾಗಿ ಎಡವುತ್ತಾರೆ. ಅದಕ್ಕೆ ಕಾರಣ ಇದೆ.

ನಿಮ್ಮ ಕಿವಿಗೆ ಪಲ್ಲವಿ ಅಭ್ಯಾಸ. ಎಷ್ಟು ಸಂಗತಿ ಹಾಕಿದರೂ, ಚರಣ ಎಷ್ಟು ಬೆಳೆದರೂ ಹಾಡುವವರು ಪಲ್ಲವಿಗೆ ವಾಪಸ್ ಬರುತ್ತಾರೆ. ರಾಗ ಅದೇ, ತಾಳ ಅದೇ. ಶ್ರುತಿಯಂತೂ ಕೃತಿ ಮುಗಿಯುವವರೆಗೆ ಅಲ್ಲಾಡುವುದಿಲ್ಲ. ಕಣ್ಣು ಮುಚ್ಚಿ ಕೂತರೂ ಎಲ್ಲಿದ್ದೇವೆ ಅಂತ ಗೊತ್ತಿರುತ್ತದೆ. ಸಿಂಫನಿಯ ಥೀಮ್‌ಗೆ ಈ ಮೂರರಲ್ಲಿ ಒಂದೂ ಖಾತ್ರಿ ಇಲ್ಲ. ಥೀಮ್ ಅಂದರೆ ನೆನಪಿನಲ್ಲಿ ಉಳಿಯುವ ಒಂದು ಧಾಟಿ, ಅಷ್ಟೇ. ಅದನ್ನು ಬರೆದವರು ಮುಂದೆ ಅದರ ಶ್ರುತಿ ಬದಲಿಸಬಹುದು, ವೇಗ ಬದಲಿಸಬಹುದು, ಬೇರೆ ವಾದ್ಯಕ್ಕೆ ಕೊಡಬಹುದು, ಅರ್ಧ ಕತ್ತರಿಸಿ ಆ ತುಂಡನ್ನು ಮಾತ್ರ ಇಟ್ಟುಕೊಳ್ಳಬಹುದು. ಎದುರುಮನೆಯವರನ್ನು ದಿನಾ ಬೆಳಿಗ್ಗೆ ಲುಂಗಿಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನೋಡಿರುತ್ತೀರಿ. ಅವರೇ ಮದುವೆ ಮನೆಯಲ್ಲಿ ಪೇಟ ಸುತ್ತಿಕೊಂಡು ಎದುರಾದರೆ ಒಂದು ಕ್ಷಣ ಗುರುತು ಹತ್ತುವುದಿಲ್ಲ, ಅಲ್ವಾ? ನಿಮ್ಮ ಟ್ರಂಪೆಟ್ ಹಾಡಿಗೆ ಆಗಿರುವುದೂ ಅದೇ. ಎಲ್ಲೂ ಹೋಗಿಲ್ಲ. ಬಟ್ಟೆ ಬದಲಿಸಿಕೊಂಡು ಅಲ್ಲೇ ಓಡಾಡುತ್ತಿದೆ.

ಹಾಗಾಗಿ ಮೊದಲು ಅದರ ಮುಖ ಚೆನ್ನಾಗಿ ನೋಡಿಕೊಳ್ಳಬೇಕು. ಅದಕ್ಕೆ ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಳ್ಳುತ್ತೇನೆ.

ಸಿಂಫನಿ ಶುರುವಾಗುವುದು ಇಂಗ್ಲಿಷ್ ಹಾರ್ನ್‌ನಿಂದ. ಹೆಸರು ನೋಡಿ ಮೋಸ ಹೋಗಬೇಡಿ, ಅದು ಓಬೋ ಜಾತಿಯ, ಊದಿ ನುಡಿಸುವ ಮರದ ವಾದ್ಯ. ಓಬೋಗಿಂತ ಸ್ವಲ್ಪ ಉದ್ದ, ದನಿ ಸ್ವಲ್ಪ ಮಂದ್ರ. ಅದು ಒಂದೇ ಸ್ವಲ್ಪ ಹೊತ್ತು, ಯಾರೋ ತಮ್ಮಷ್ಟಕ್ಕೆ ಗುನುಗಿದ ಹಾಗೆ ನುಡಿಸುತ್ತದೆ. ಆಮೇಲೆ ನೀವು ಹೇಳಿದ ಟ್ರಂಪೆಟ್. ಆ ಟ್ರಂಪೆಟ್ ದನಿ ಯಾಕೆ ಹಾಗೆ ಸಣ್ಣಗೆ, ಮೂಗಿನಲ್ಲಿ ಮಾತಾಡಿದ ಹಾಗೆ ಇದೆ ಅಂತ ಯೋಚಿಸಿದಿರಾ? ಬಾಯಿಗೆ ಹಾರ್ಮನ್ ಮ್ಯೂಟ್ ಅನ್ನುವ ಲೋಹದ ಬಿರಡೆ ಸಿಕ್ಕಿಸಿದ್ದಾರೆ. ಅದರ ಸುತ್ತ ಕಾರ್ಕ್ ಇರುತ್ತದೆ, ಅದು ಟ್ರಂಪೆಟ್ ಬಾಯನ್ನು ಬಿಗಿಯಾಗಿ ಮುಚ್ಚಿಬಿಡುತ್ತದೆ. ಊದಿದ ಗಾಳಿಯೆಲ್ಲ ಆ ಬಿರಡೆಯ ಒಳಗಿಂದಲೇ ನುಗ್ಗಿ ಬರಬೇಕು. ಇದು ಜಾಜ್‌ನವರ ಸಾಮಾನು. ಸಿಂಫನಿ ಆರ್ಕೆಸ್ಟ್ರಾ ಶುರುವಿನಲ್ಲೇ ಆ ದನಿಯಲ್ಲಿ ಮಾತಾಡಿತು ಅಂದರೆ 1931ರಲ್ಲಿ ಕೂತು ಕೇಳಿದವರಿಗೆ ವಿಷಯ ಏನು ಅಂತ ತಕ್ಷಣ ಗೊತ್ತಾಗಿರುತ್ತದೆ.

ಆ ಟ್ರಂಪೆಟ್ ನುಡಿಸುವುದು ಹನ್ನೆರಡು ಬಾರ್‌ನ ಬ್ಲೂಸ್. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಒಂದು ಬಗೆಯ ಹಾಡು. ಬಾರ್ ಅಂದರೆ ನಮ್ಮ ಬೀದಿ ತುದಿಯ ಬಾರ್ ಅಲ್ಲ, ಆದರೆ ಬ್ಲೂಸ್ ಬೆಳೆದದ್ದು ಆ ಥರದ ಜಾಗದಲ್ಲೂ ಹೌದು ಬಿಡಿ. ಇಲ್ಲಿ ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಸುತ್ತು. ಹನ್ನೆರಡು ಸುತ್ತು ಸೇರಿದರೆ ಒಂದು ಪದ್ಯ. ನಾಲ್ಕು ಸುತ್ತಿಗೆ ಒಂದು ಸಾಲಿನಂತೆ ಮೂರು ಸಾಲು. ಮೊದಲ ಸಾಲು ಹಾಡಿ, ಅದನ್ನೇ ಇನ್ನೊಂದು ಸಲ ಹಾಡಿ, ಮೂರನೇ ಸಾಲಿನಲ್ಲಿ ಉತ್ತರ ಕೊಡುತ್ತಾರೆ. ಕ್ಲಾಸಿನಲ್ಲಿ ಹೇಳಲಿಕ್ಕೆ ಅಂತ ನಾನೇ ಒಂದು ಕಟ್ಟಿಕೊಂಡಿದ್ದೇನೆ:

ಊರು ಬಿಡೋಣ ಅಂತ ಹೊರಟೆ, ರೈಲೇ ಬರಲಿಲ್ಲ,
ಹೌದು, ಊರು ಬಿಡೋಣ ಅಂತ ಹೊರಟೆ, ರೈಲೇ ಬರಲಿಲ್ಲ,
ರೈಲು ಬಂದು ನಿಂತಾಗ ನೋಡಿದರೆ ಜೇಬಲ್ಲಿ ಕಾಸಿಲ್ಲ.

ನಕ್ಕಿರಾ? ಬ್ಲೂಸ್‌ನ ದುಃಖ ಹೀಗೇ ಇರುತ್ತದೆ, ಅಳುತ್ತಾ ಅಳುತ್ತಾ ಕೊನೆಗೆ ತನ್ನನ್ನೇ ಸ್ವಲ್ಪ ಗೇಲಿ ಮಾಡಿಕೊಳ್ಳುತ್ತದೆ. ನಮ್ಮ ತ್ರಿಪದಿಗೂ ಮೂರೇ ಸಾಲು, ಹಾಡುವಾಗ ಅಲ್ಲೂ ಒಂದು ಸಾಲನ್ನು ತಿರುಗಿ ಹೇಳುತ್ತಾರೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಬೀಸುವ ಪದ ಕೇಳಿ ಬೆಳೆದ ಕಿವಿಗೆ ಬ್ಲೂಸ್‌ನ ಲೆಕ್ಕ ಬೇಗ ಹತ್ತುವುದನ್ನು ಮಾತ್ರ ನೋಡಿದ್ದೇನೆ.

ಇನ್ನು ಹಾಡಿನ ಕೆಳಗಿನ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳು. ಇದನ್ನು ನಿಮಗೆ ಸ್ವರದಲ್ಲೇ ಹೇಳುತ್ತೇನೆ. ತಂಬೂರಿ ಶ್ರುತಿ ಒಂದೇ ಕಡೆ ನಿಲ್ಲದೆ ನಡೆದಾಡುತ್ತದೆ ಅಂದುಕೊಳ್ಳಿ. ಮೊದಲ ನಾಲ್ಕು ಬಾರ್ ಷಡ್ಜದ ಮೇಲೆ. ಐದು, ಆರನೇ ಬಾರ್‌ಗೆ ಆಧಾರವೇ ಮಧ್ಯಮಕ್ಕೆ ಹೋಗುತ್ತದೆ. ಏಳು, ಎಂಟಕ್ಕೆ ಮನೆಗೆ ವಾಪಸ್. ಒಂಬತ್ತಕ್ಕೆ ಪಂಚಮ, ಅಲ್ಲಿಂದ ಇಳಿದು ಹನ್ನೊಂದು, ಹನ್ನೆರಡಕ್ಕೆ ಮತ್ತೆ ಷಡ್ಜ. ಸಾವಿರಾರು ಬ್ಲೂಸ್ ಹಾಡುಗಳ ಎಲುಬು ಇಷ್ಟೇ. ಸ್ಟಿಲ್ ಅಲ್ಲಲ್ಲಿ ಕಾರ್ಡ್‌ಗಳಿಗೆ ಒಂದಿಷ್ಟು ಕುಸುರಿ ಮಾಡಿದ್ದಾರೆ, ಎಲುಬು ಮುಟ್ಟಿಲ್ಲ.

ಮೇಲಿನ ಧಾಟಿಯಲ್ಲಿ ಗಮನಿಸಬೇಕಾದ್ದು ಗಾಂಧಾರ. ಕೆಳಗೆ ಕಾರ್ಡ್ ಅಂತರ ಗಾಂಧಾರ ಹಿಡಿದಿರುತ್ತದೆ, ಮೇಲೆ ಹಾಡು ಸಾಧಾರಣ ಗಾಂಧಾರದ ಕಡೆ ಜಾರುತ್ತದೆ. ನಿಷಾದವೂ ಹಾಗೇ, ಕೈಶಿಕಿ ಕಡೆ ವಾಲುತ್ತದೆ. ಇವನ್ನು ಬ್ಲೂ ನೋಟ್ ಅಂತಾರೆ. ಹಾಡುಗಾರರ ಗಂಟಲಲ್ಲಿ ಇವು ಪಿಯಾನೋದ ಎರಡು ಮನೆಗಳ ನಡುವೆ ಎಲ್ಲೋ ಇರುತ್ತವೆ. ಪಿಯಾನೋದವರಿಗೆ ಇದನ್ನು ಅರ್ಥ ಮಾಡಿಸಲು ಅರ್ಧ ಗಂಟೆ ಬೇಕು. ಗಮಕ ಹಿಡಿದ ನಿಮ್ಮ ಬೆರಳಿಗೆ ಅರ್ಧ ನಿಮಿಷ ಸಾಕು.

ಟ್ರಂಪೆಟ್ ಒಂದೊಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಬೇರೆ ವಾದ್ಯಗಳು ನಡುವೆ ‘ಹೌದಪ್ಪಾ’ ಅಂದ ಹಾಗೆ ಒಂದು ಚೂರು ಉತ್ತರ ಕೊಡುತ್ತವೆ. ಮುಂದೆ ಹಾಡುವವರು, ಹಿಂದೆ ಹಿಮ್ಮೇಳ. ಹತ್ತಿಹೊಲದ ಕೆಲಸದ ಹಾಡುಗಳಿಂದ, ಕಪ್ಪು ಜನರ ಚರ್ಚ್‌ಗಳಿಂದ ಬಂದ ಪದ್ಧತಿ ಅದು. ಟ್ರಂಪೆಟ್ ಒಂದು ಪದ್ಯ ಮುಗಿಸಿದ ಮೇಲೆ ಕ್ಲಾರಿನೆಟ್ ಅದೇ ಪದ್ಯವನ್ನು ಎತ್ತಿಕೊಳ್ಳುತ್ತದೆ. ಇಲ್ಲಿಯವರೆಗೆ ನೀವೂ ಜೊತೆಗಿದ್ದಿರಿ ಅಂತ ನನ್ನ ಅಂದಾಜು.

ಮುಂದೆ ಹೋಗುವ ಮೊದಲು, ಈ ಮನುಷ್ಯ ಯಾರು, ಸಿಂಫನಿಯ ಬಾಗಿಲಿಗೆ ಬ್ಲೂಸ್ ಯಾಕೆ ತಂದರು ಅಂತ ಹೇಳದಿದ್ದರೆ ಉಳಿದದ್ದಕ್ಕೆ ತಲೆಬುಡ ಇರುವುದಿಲ್ಲ.

ಸ್ಟಿಲ್ ಹುಟ್ಟಿದ್ದು 1895ರಲ್ಲಿ, ಮಿಸಿಸಿಪ್ಪಿಯ ವುಡ್‌ವಿಲ್‌ನಲ್ಲಿ. ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಟೀಚರ್ ಆಗಿದ್ದ ತಾಯಿ ಮಗುವನ್ನು ಕರೆದುಕೊಂಡು ಆರ್ಕನ್ಸಾದ ಲಿಟಲ್ ರಾಕ್‌ಗೆ ಬಂದರು. ಮನೆಯಲ್ಲಿ ಅಜ್ಜಿ ಕೆಲಸ ಮಾಡುತ್ತಾ ಸ್ಪಿರಿಚುಯಲ್‌ಗಳನ್ನು ಹಾಡುತ್ತಿದ್ದರು, ಅಂದರೆ ಗುಲಾಮಗಿರಿಯ ಕಾಲದಿಂದ ಬಂದ ಭಕ್ತಿಗೀತೆಗಳು. ಮಲತಂದೆ ಒಪೆರಾದ ಗ್ರಾಮಫೋನ್ ತಟ್ಟೆ ತಂದು ಹಾಕುತ್ತಿದ್ದರು. ಹುಡುಗ ಎರಡೂ ಕೇಳಿಕೊಂಡು ಬೆಳೆದ. ಮಗ ಡಾಕ್ಟರ್ ಆಗಲಿ ಅಂತ ತಾಯಿಯ ಆಸೆ. (ಯಾವ ದೇಶ ಆದರೇನು!) ಅದು ಆಗಲಿಲ್ಲ. ಓಬರ್ಲಿನ್‌ನಲ್ಲಿ ಸಂಗೀತ ಓದಿದರು, ಮೆಂಫಿಸ್‌ನಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಅವರ ಬ್ಯಾಂಡಿಗೆ ದುಡಿದರು. ಬ್ಲೂಸ್ ಅನ್ನು ಕಾಗದದ ಮೇಲೆ ಇಳಿಸಿ, ಅಚ್ಚು ಹಾಕಿಸಿ ದೇಶಕ್ಕೆಲ್ಲ ಹಂಚಿದವರು ಈ ಹ್ಯಾಂಡಿ. 1921ರಲ್ಲಿ ನ್ಯೂಯಾರ್ಕಿನ ‘ಶಫಲ್ ಅಲಾಂಗ್’ ಅನ್ನುವ ಸಂಗೀತ ನಾಟಕಕ್ಕೆ ಸ್ಟಿಲ್ ಓಬೋ ನುಡಿಸಿದರು. ಈ ನಾಟಕದ ಹೆಸರು ನೆನಪಿಟ್ಟುಕೊಳ್ಳಿ, ನಿಮ್ಮ ಕಳ್ಳತನದ ಕೇಸಿಗೆ ಬೇಕು. ಜೊತೆಜೊತೆಗೇ ಎಡ್ಗಾರ್ ವರೇಸ್ ಹತ್ತಿರ ಪಾಠ. ವರೇಸ್ ಅಂದರೆ ಆ ಕಾಲದ ತೀರಾ ಹೊಸ ರೀತಿಯ, ಕಿವಿಗೆ ಒರಟಾದ ಸಂಗೀತದ ಆಸಾಮಿ. ಕೆಲವು ವರ್ಷ ಸ್ಟಿಲ್ ಕೂಡ ಆ ಥರ ಬರೆದು ನೋಡಿದರು. ಆಮೇಲೆ ಇದು ನನ್ನ ಮಾತಲ್ಲ ಅಂತ ತಿರುಗಿ ಬಂದರು.

ಆಗ 1930. ಆರ್ಥಿಕ ಕುಸಿತದಿಂದ ನ್ಯೂಯಾರ್ಕ್‌ನಲ್ಲಿ ಕೆಲಸವೇ ಇಲ್ಲ. ಹೊಟ್ಟೆಪಾಡಿಗೆ ಬೇರೆಯವರ ಹಾಡುಗಳಿಗೆ ವಾದ್ಯಗಳನ್ನು ಜೋಡಿಸಿಕೊಟ್ಟು ಬದುಕುತ್ತಿದ್ದ ಸ್ಟಿಲ್ ಅವರಿಗೆ ಮೊದಲ ಸಲ ಕೈಯಲ್ಲಿ ಬೇಕಾದಷ್ಟು ಹೊತ್ತು. ಮನೆಗೆ ಹತ್ತಿರ ಸದ್ದುಗದ್ದಲ ಇಲ್ಲದ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದು ಈ ಸಿಂಫನಿ ಬರೆದರು. 1931ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಆರ್ಕೆಸ್ಟ್ರಾ ನಡೆಸುವ ಹೊವರ್ಡ್ ಹ್ಯಾನ್ಸನ್ ಇದನ್ನು ಮೊದಲ ಸಲ ನುಡಿಸಿದರು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ಒಂದು ಕಪ್ಪು ಸಂಗೀತಗಾರರೊಬ್ಬರ ಸಿಂಫನಿ ನುಡಿಸಿದ್ದು ಅದೇ ಮೊದಲು. ಎರಡು ವರ್ಷ ಆದ ಮೇಲೆ ಫ್ಲಾರೆನ್ಸ್ ಪ್ರೈಸ್ ಅವರ ಸಿಂಫನಿಯನ್ನು ಶಿಕಾಗೋದಲ್ಲಿ ನುಡಿಸಿದರು, ಆಕೆಯೂ ಅದೇ ಲಿಟಲ್ ರಾಕ್ ಊರಿನವರೇ! ಅವರ ಬಗ್ಗೆ ಇನ್ಯಾವಾಗಲಾದರೂ ಕೇಳಿ.

ಸ್ಪಿರಿಚುಯಲ್ ಬಿಟ್ಟು ಬ್ಲೂಸ್ ಯಾಕೆ? ಸ್ಪಿರಿಚುಯಲ್‌ಗೆ ಆಗಲೇ ಮರ್ಯಾದೆ ಸಿಕ್ಕಿತ್ತು. 1890ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿದ್ದ ಜೆಕ್ ಸಂಗೀತಗಾರ ಡ್ವೋರ್ಷಾಕ್, ಅಮೆರಿಕದ ಸಂಗೀತ ಕಟ್ಟಬೇಕಾದ್ದು ಕಪ್ಪು ಜನರ ಹಾಡುಗಳ ಮೇಲೆ ಅಂತ ಹೇಳಿ ದೊಡ್ಡ ಚರ್ಚೆ ಎಬ್ಬಿಸಿದ್ದರು. 1893ರ ಅವರ ‘ನ್ಯೂ ವರ್ಲ್ಡ್’ ಸಿಂಫನಿಯ ನಿಧಾನ ಭಾಗದ ಹೆಸರಾದ ಧಾಟಿ ಇದೇ ಇಂಗ್ಲಿಷ್ ಹಾರ್ನ್‌ನಲ್ಲಿದೆ. ಸ್ಟಿಲ್ ಅದೇ ವಾದ್ಯದಿಂದ ಶುರು ಮಾಡಿ, ಎರಡು ಹೆಜ್ಜೆ ಹಾಕಿ, ಹಾಡನ್ನು ಮ್ಯೂಟ್ ಹಾಕಿದ ಟ್ರಂಪೆಟ್ ಕೈಗೆ ಕೊಟ್ಟುಬಿಡುತ್ತಾರೆ. ಅದು ಬೇಕಂತಲೇ ಮಾಡಿದ್ದು ಅಂತ ನನಗೆ ಅನುಮಾನ. ಬ್ಲೂಸ್ ಅಂದರೆ ಆಗ ಹೆಂಡದಂಗಡಿ ಹಾಡು, ಚರ್ಚಿಗೆ ಹೋಗುವ ಕಪ್ಪು ಕುಟುಂಬಗಳೂ ಮೂಗು ಮುರಿಯುತ್ತಿದ್ದವು. ಸ್ಪಿರಿಚುಯಲ್‌ನಲ್ಲಿ ಬಿಳಿಯರ ಸಂಗೀತದ ನೆರಳು ಇದೆ, ಬ್ಲೂಸ್‌ನಲ್ಲಿ ಅದಿಲ್ಲ, ಅದನ್ನು ಎತ್ತರಕ್ಕೆ ಏರಿಸಿ ತೋರಿಸುತ್ತೇನೆ ಅನ್ನುವುದು ಸ್ಟಿಲ್ ಅವರ ವಾದ. ‘ಎತ್ತರಕ್ಕೆ ಏರಿಸುವುದು’ ಅನ್ನುವ ಮಾತು ನನಗೆ ಈಗಲೂ ಸ್ವಲ್ಪ ಕಿರಿಕಿರಿ. ಬ್ಲೂಸ್‌ಗೆ ಯಾರ ಏಣಿಯೂ ಬೇಕಾಗಿರಲಿಲ್ಲ. ಆದರೆ 1930ರಲ್ಲಿ ಕಪ್ಪು ಮನುಷ್ಯ ಸಿಂಫನಿ ಬರೆಯುವುದೇ ದೊಡ್ಡ ಮಾತಾಗಿದ್ದಾಗ ಅವರು ಬೇರೆ ಹೇಗೆ ಹೇಳಬೇಕಿತ್ತು? ಇನ್ನೊಂದು ವಿಷಯ, ಆ ಹನ್ನೆರಡು ಬಾರ್ ಹಾಡು ಎಲ್ಲಿಂದಲೋ ಎತ್ತಿದ ಜನಪದ ಹಾಡಲ್ಲ. ಬ್ಲೂಸ್‌ನ ಅಚ್ಚಿನಲ್ಲಿ ಸ್ಟಿಲ್ ತಾವೇ ಎರಕ ಹೊಯ್ದದ್ದು.

ಸರಿ, ವಾಪಸ್ ಬರೋಣ. ನೀವು ದಾರಿ ತಪ್ಪಿದ್ದು ಎರಡನೇ ಥೀಮ್ ಹತ್ತಿರ.

ಮೊದಲ ಭಾಗ ಸೊನಾಟಾ ಅನ್ನುವ ಕಟ್ಟಿನಲ್ಲಿದೆ. ಎರಡು ಥೀಮ್ ಪರಿಚಯಿಸುತ್ತಾರೆ, ನಡುವೆ ಅವನ್ನು ಎಳೆದಾಡಿ ಕಿತ್ತಾಡಿಸುತ್ತಾರೆ, ಕೊನೆಗೆ ಎರಡನ್ನೂ ಮನೆಗೆ ಕರೆತರುತ್ತಾರೆ. ಬ್ಲೂಸ್ ಇದ್ದದ್ದು ಎ ಫ್ಲ್ಯಾಟ್‌ನಲ್ಲಿ, ಅಂದರೆ ಐದೂವರೆ ಮನೆ. ಎರಡನೇ ಥೀಮ್ ಜಿ ಶ್ರುತಿಯಲ್ಲಿ, ಐದು ಮನೆ. ಅರ್ಧ ಮನೆ ಕೆಳಗೆ! ನಮ್ಮ ಕಛೇರಿಯಲ್ಲಿ ಹಾಗೆ ಆದರೆ ತಂಬೂರಿಯವರನ್ನು ಎಲ್ಲರೂ ತಿರುಗಿ ನೋಡುತ್ತಾರೆ. ಇಲ್ಲಿ ಅದನ್ನು ಜಾಣತನದಿಂದ ಮಾಡಿರುವುದರಿಂದ ‘ಏನೋ ಆಯಿತು’ ಅಂತ ಮಾತ್ರ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಕಾಲ ಕೆಳಗಿನ ಜಮಖಾನ ಎಳೆದ ಹಾಗೆ. ಅದರ ಮೇಲೆ ಓಬೋದಲ್ಲಿ ಒಂದು ಮೆತ್ತನೆಯ ಧಾಟಿ ಬರುತ್ತದೆ, ಸ್ಪಿರಿಚುಯಲ್ ರೀತಿಯದು. ಇದೂ ಸ್ಟಿಲ್ ಬರೆದದ್ದೇ. ಟ್ರಂಪೆಟ್‌ನ ಊರು ಸುತ್ತುವ ಮನುಷ್ಯನ ಪಕ್ಕದಲ್ಲಿ ಚರ್ಚಿನ ಬೆಂಚಿನ ಮೇಲೆ ಕೂತ ಅಜ್ಜಿ ಅಂದುಕೊಳ್ಳಿ. ಇದು ಬೇರೆ ಥೀಮ್, ಬೇರೆ ಶ್ರುತಿ, ಬೇರೆ ವಾದ್ಯ ಅಂತ ಮೊದಲೇ ಗೊತ್ತಿದ್ದರೆ ನೀವು ಇಲ್ಲಿ ಬ್ಲೂಸ್‌ಗಾಗಿ ಹುಡುಕುತ್ತಾ ಕೂರುವುದಿಲ್ಲ.

ಆಮೇಲೆ ವೇಗ ಏರುತ್ತದೆ, ಗದ್ದಲ ಜಾಸ್ತಿ ಆಗುತ್ತದೆ. ಈ ನಡು ಭಾಗದಲ್ಲಿ ಎಲ್ಲ ತುಂಡನ್ನೂ ಹಿಡಿಯಲು ಹೋಗಬೇಡಿ, ಸುಮ್ನೆ ಕೇಳಿ. ಕಾಯಬೇಕಾದ್ದು ವಾಪಸಾತಿಗೆ. ಸಾಮಾನ್ಯವಾಗಿ ಮೊದಲ ಥೀಮ್ ಮೊದಲು, ಎರಡನೆಯದು ಆಮೇಲೆ ಮರಳಬೇಕು. ಸ್ಟಿಲ್ ಸರದಿ ತಿರುಗಿಸಿದ್ದಾರೆ. ಅಜ್ಜಿಯ ಥೀಮ್ ಮೊದಲು ಬರುತ್ತದೆ, ಅದೂ ಮೈನರ್‌ನಲ್ಲಿ (ಅಂತರ ಗಾಂಧಾರದ ಮೇಜರ್ ಬಿಟ್ಟು ಸಾಧಾರಣ ಗಾಂಧಾರದ ಸ್ವರಗಳಲ್ಲಿ), ಮುಖ ಕಂದಿಸಿಕೊಂಡು. ಬ್ಲೂಸ್ ಕೊನೆಗೆ ಬರುತ್ತದೆ, ಮತ್ತೆ ಮ್ಯೂಟ್ ಹಾಕಿದ ಟ್ರಂಪೆಟ್‌ಗಳಲ್ಲಿ. ಈ ಸಲ ನಡಿಗೆ ಬೇರೆ. ಶುರುವಿನಲ್ಲಿ ನೆಟ್ಟಗೆ ನಡೆದದ್ದು ಈಗ ಜಾಜ್‌ನವರ ಹಾಗೆ ತೂಗುತ್ತಾ, ಒಂದು ಅಕ್ಷರ ಉದ್ದ, ಒಂದು ಗಿಡ್ಡ ಮಾಡಿಕೊಂಡು ನಡೆಯುತ್ತದೆ. ಇಡೀ ಸಿಂಫನಿಯಲ್ಲಿ ನನಗೆ ತೀರಾ ಇಷ್ಟವಾದ ಜಾಗ ಇದು. ಸೂಟು ಹಾಕಿಕೊಂಡು ದೊಡ್ಡ ಹಾಲ್‌ಗೆ ಬಂದವರು ಹೊರಡುವಾಗ ಟೈ ಸಡಿಲ ಮಾಡಿಕೊಂಡ ಹಾಗೆ.

ಎರಡನೇ ಭಾಗದ ಬಗ್ಗೆ ಹೇಳಲು ಕಡಿಮೆ, ಕೇಳಲು ಜಾಸ್ತಿ. ನಿಧಾನ. ತಂತಿವಾದ್ಯಗಳ ಮೇಲೆ ಓಬೋ ಹಾಡುತ್ತದೆ. ಸ್ವಲ್ಪ ಮುಂದೆ ಕೊಳಲು ಒಂದು ಧಾಟಿ ಎತ್ತಿಕೊಂಡಾಗ ಕಿವಿ ನೆಟ್ಟಗೆ ಮಾಡಿ. ಅದು ನಿಮ್ಮ ಬ್ಲೂಸೇ, ತಾಳದ ಚುರುಕು ತೆಗೆದು, ಎಳೆದು, ಹೆಚ್ಚುಕಡಿಮೆ ಪ್ರಾರ್ಥನೆ ಮಾಡಿಬಿಟ್ಟಿದ್ದಾರೆ.

ಸ್ಟಿಲ್ ನಾಲ್ಕು ಭಾಗಕ್ಕೂ ಒಂದೊಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಹೇಳಿದರೆ ಹಂಬಲ, ದುಃಖ, ತಮಾಷೆ, ಆಶಯ. ಪ್ರತಿ ಹೆಸರಿನ ಜೊತೆ ಪಾಲ್ ಲಾರೆನ್ಸ್ ಡನ್‌ಬಾರ್ ಅವರ ಒಂದು ಕವಿತೆಯ ಸಾಲುಗಳೂ ಇವೆ. ಡನ್‌ಬಾರ್ 1872ರಲ್ಲಿ ಹುಟ್ಟಿ 1906ರಲ್ಲೇ ತೀರಿಕೊಂಡ ಕವಿ, ತಂದೆತಾಯಿ ಗುಲಾಮರಾಗಿದ್ದವರು. ಮೊದಲ ಮೂರು ಕವಿತೆಗಳು ಕಪ್ಪು ಜನರ ಆಡುಮಾತಿನಲ್ಲಿವೆ, ಕೊನೆಯದು ಗ್ರಂಥದ ಇಂಗ್ಲಿಷಿನಲ್ಲಿದೆ. ಇದು ನೆನಪಿರಲಿ, ಸಂಗೀತದಲ್ಲೂ ಕೊನೆಯ ಭಾಗಕ್ಕೆ ಬರುವಾಗ ಮಾತಿನ ಧಾಟಿ ಹಾಗೇ ಬದಲಾಗುತ್ತದೆ.

ಈಗ ಮೂರನೇ ಭಾಗ. ಚಿಕ್ಕದು, ಕುಣಿಯುತ್ತದೆ. ಹ್ಯಾನ್ಸನ್ ಬರ್ಲಿನ್‌ನಲ್ಲಿ ನುಡಿಸಿದಾಗ ಜನ ಇದೊಂದನ್ನು ಮತ್ತೊಮ್ಮೆ ನುಡಿಸಿ ಅಂತ ಹಟ ಹಿಡಿದರಂತೆ. ಇದರಲ್ಲಿ ಟೆನರ್ ಬ್ಯಾಂಜೊ ಇದೆ. ನಮ್ಮಲ್ಲಿ ಕೆಲವರು ಟೈಪ್‌ರೈಟರ್ ಥರ ಕೀಲಿ ಇರುವ ವಾದ್ಯಕ್ಕೆ ಬ್ಯಾಂಜೊ ಅಂತಾರೆ, ಅದಲ್ಲ. ಇದು ದುಂಡಗಿನ ಚರ್ಮದ ಮುಖ, ಉದ್ದ ಕತ್ತು, ನಾಲ್ಕು ತಂತಿ. ಇದು ತಾಳದ ಪೆಟ್ಟು ಬಿದ್ದ ಮೇಲೆ ಅರ್ಧ ಅಕ್ಷರ ಬಿಟ್ಟು ಟಣ್ ಟಣ್ ಅನ್ನುತ್ತಾ ಇರುತ್ತದೆ. ಬರೀ ಮಜಾಕ್ಕೆ ಇಟ್ಟದ್ದು ಅಂತ ಅನ್ನಿಸಬಹುದು. ಆದರೆ ಬ್ಯಾಂಜೊ ಆಫ್ರಿಕಾದಿಂದ ಹಿಡಿದು ತಂದ ಜನ ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ. ಆಮೇಲೆ 19ನೇ ಶತಮಾನದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಅದೇ ಬ್ಯಾಂಜೊ ಹಿಡಿದು, ಅದೇ ಜನರನ್ನು ಅಣಕಿಸುವ ಆಟಗಳನ್ನು ಊರೂರಲ್ಲಿ ಆಡಿದರು. ಸ್ಟಿಲ್ ಅದನ್ನು ಅಲ್ಲಿಂದ ಬಿಡಿಸಿ ತಂದು ಹಾರ್ಪ್, ಸೆಲೆಸ್ಟಾ ಅನ್ನುವ ಆರ್ಕೆಸ್ಟ್ರಾದ ನಾಜೂಕು ವಾದ್ಯಗಳ ಜೊತೆ ಕೂರಿಸಿದ್ದಾರೆ.

ಇಲ್ಲಿಗೆ ಅವರು ಕೊಟ್ಟ ಡನ್‌ಬಾರ್ ಕವಿತೆಯೂ ಅದೇ ಥರದ್ದು. ಗುಲಾಮಗಿರಿಯ ಕಾಲದ ಒಬ್ಬ ಕಪ್ಪು ಪಾದ್ರಿ ತನ್ನ ಜನಕ್ಕೆ ಮೋಶೆ ಮತ್ತು ಫರೋಹನ ಕಥೆ ಹೇಳುತ್ತಾನೆ. ದೇವರು ದಾಸರನ್ನು ಬಿಡಿಸುತ್ತಾನೆ ಅನ್ನುತ್ತಾನೆ. ನಡುನಡುವೆ ‘ನಾನು ಹೇಳುತ್ತಿರುವುದು ಆಗಿನ ಕಾಲದ ಮಾತು, ಈಗಿನದಲ್ಲ’ ಅನ್ನುವ ಅರ್ಥದಲ್ಲಿ ನೆನಪಿಸುತ್ತಾ ಇರುತ್ತಾನೆ, ಯಜಮಾನನಿಗೆ ಚಾಡಿ ಹೋಗಬಾರದಲ್ಲ! ಸ್ಟಿಲ್ ಆರಿಸಿಕೊಂಡದ್ದು ಬಿಡುಗಡೆಯ ದಿನ ಹಲ್ಲೆಲೂಯ ಕೂಗುತ್ತೇವೆ ಅನ್ನುವ ಸಾಲುಗಳನ್ನು. ಮುಖ್ಯ ಥೀಮ್‌ಗೆ ‘ಹಲ್ಲೆಲೂಯ’ ಅಂತಲೇ ಹೆಸರಿಟ್ಟರು. ತಮಾಷೆ ಅಂತ ಹೆಸರು, ಒಳಗಿರುವುದು ಇದು.

ಈಗ ನಿಮ್ಮ ಗರ್ಶ್‌ವಿನ್ ಪ್ರಶ್ನೆ. ಆ ಭಾಗದಲ್ಲಿ ಹಲ್ಲೆಲೂಯ ಥೀಮ್ ನಡೆಯುತ್ತಿರುವಾಗ ಹಿಂದೆ ಫ್ರೆಂಚ್ ಹಾರ್ನ್‌ಗಳಲ್ಲಿ ಒಂದು ಪುಟ್ಟ ತುಣುಕು ಕೇಳಿಸುತ್ತದೆ. ಗರ್ಶ್‌ವಿನ್ ಅವರ ‘ಐ ಗಾಟ್ ರಿದಮ್’ ಹಾಡಿನ ಮೊದಲ ನಾಲ್ಕು ಸ್ವರ, ನಮ್ಮ ಲೆಕ್ಕದಲ್ಲಿ ಪ ದ ಸ ರಿ. ಹೋಲಿಕೆ ಇದೆ, ಇಲ್ಲ ಅನ್ನಲು ಆಗುವುದಿಲ್ಲ. ಆ ಹಾಡಿದ್ದ ‘ಗರ್ಲ್ ಕ್ರೇಜಿ’ ನಾಟಕ ನ್ಯೂಯಾರ್ಕ್‌ನಲ್ಲಿ ಶುರುವಾದದ್ದು 1930ರ ಅಕ್ಟೋಬರ್ 14ಕ್ಕೆ. ಸ್ಟಿಲ್ ಅದೇ ಊರಿನಲ್ಲಿ, ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಸಿಂಫನಿ ಬರೆಯುತ್ತಿದ್ದರು. ಇಷ್ಟೇ ನೋಡಿದರೆ ಸ್ಟಿಲ್ ಮೇಲೇ ಬೆರಳು ಹೋಗುತ್ತದೆ.

ಆದರೆ ‘ಶಫಲ್ ಅಲಾಂಗ್’ ನೆನಪಿದೆಯಲ್ಲ? ಅದು ಒಂಬತ್ತು ವರ್ಷ ಹಿಂದಿನದು. ರಂಗದ ಕೆಳಗೆ ಕೂತ ವಾದ್ಯದವರು ದಿನಾ ಅದೇ ನುಡಿಸಿ ನುಡಿಸಿ ಬೇಜಾರಾಗಿ ಅಲ್ಲಲ್ಲಿ ತಮ್ಮದೇ ಸಂಗತಿ ಸೇರಿಸುತ್ತಿದ್ದರು. ಹಾಗೆ ಸ್ಟಿಲ್ ಓಬೋದಲ್ಲಿ ಸೇರಿಸುತ್ತಿದ್ದ ತುಣುಕು ಅದು, ಆ ನಾಟಕಕ್ಕೆ ಬಂದವರ ಕಿವಿಗೆ ಅದು ಬಿದ್ದಿರಬೇಕು ಅಂತ ಸ್ಟಿಲ್ ಕಡೆಯವರು ಹೇಳುತ್ತಾ ಬಂದಿದ್ದಾರೆ. ಹಾಗಾದರೆ ಕೇಸು ತಿರುಗುಮುರುಗು. ನನ್ನನ್ನು ಕೇಳಿದರೆ, ಪ ದ ಸ ರಿ ಅನ್ನುವ ನಾಲ್ಕು ಸ್ವರಕ್ಕೆ ಯಾರ ಹೆಸರಿಗೂ ಖಾತೆ ಆಗುವುದಿಲ್ಲ. ಮೋಹನದಲ್ಲಿ ದಿನಾ ನೀವೂ ಹಾಡುತ್ತೀರಿ. ಇದನ್ನು ಹಾಡಾಗಿ ಬೆಳೆಸಿದವರು ಗರ್ಶ್‌ವಿನ್, ಅದರಲ್ಲಿ ಅನುಮಾನ ಇಲ್ಲ. ಸ್ಟಿಲ್ ಅದನ್ನು ಬೆಳೆಸುವುದೇ ಇಲ್ಲ, ಒಂದೆರಡು ಸಲ ತೋರಿಸಿ ಬಿಟ್ಟುಬಿಡುತ್ತಾರೆ. ಕದ್ದವನು ಯಾರೂ ಕದ್ದ ಮಾಲನ್ನು ಹಾರ್ನ್‌ನಲ್ಲಿ ಊದಿ ತೋರಿಸುವುದಿಲ್ಲ. ‘ಇದು ಎಲ್ಲಿಂದ ಬಂತು ಗೊತ್ತಲ್ಲ’ ಅಂತ ಕಣ್ಣು ಮಿಟುಕಿಸಿದ ಹಾಗೆ ನನಗೆ ಕೇಳಿಸುತ್ತದೆ.

ಕೊನೆಯ ಭಾಗ ಹೊಸಬರಿಗೆ ಕಷ್ಟ. ಸಿಂಫನಿಯ ಕೊನೆಯ ಭಾಗ ಅಂದರೆ ವೇಗ, ಅಬ್ಬರ ಅಂತ ಕಾಯುತ್ತಾ ಕೂತಿರುತ್ತೇವೆ. ಸ್ಟಿಲ್ ನಿಧಾನವಾಗಿ, ತಂತಿವಾದ್ಯಗಳಲ್ಲಿ, ಚರ್ಚಿನ ಸ್ತೋತ್ರದ ಹಾಗೆ ಶುರು ಮಾಡುತ್ತಾರೆ. ಮ್ಯೂಟ್ ಇಲ್ಲ, ಬ್ಯಾಂಜೊ ಇಲ್ಲ. ಆಡುಮಾತು ಬಿಟ್ಟು ಸಭೆಯ ಮಾತಿಗೆ ಬಂದರು. ಇಲ್ಲಿನ ಕವಿತೆಯೂ ತನ್ನ ಜನಕ್ಕೆ ತಲೆ ಎತ್ತಿ ನಿಲ್ಲಿ ಅಂತ ಹೇಳುವ ಕವಿತೆ. ಬ್ಲೂಸ್‌ನ ಚೂರುಗಳು ಇಲ್ಲೂ ಇವೆ, ತುಂಬ ಬದಲಾಗಿ. ಮೂರು ಸಲ ಕೇಳುವವರೆಗೆ ನನಗೂ ಗುರುತು ಹತ್ತಿರಲಿಲ್ಲ. ವೇಗ ಬರುವುದು ತೀರಾ ಕೊನೆಗೆ. ಅದೂ ಗೆದ್ದ ಖುಷಿಯ ಮೇಜರ್‌ನಲ್ಲಿ ಅಲ್ಲ, ಮೈನರ್‌ನಲ್ಲಿ, ಹಲ್ಲು ಕಚ್ಚಿಕೊಂಡು ಓಡಿದ ಹಾಗೆ. ಆಶಯ ಅಂತ ಹೆಸರು, ಈಡೇರಿತು ಅಂತ ಎಲ್ಲೂ ಹೇಳುವುದಿಲ್ಲ. ಸ್ಟಿಲ್ ಮುಂದೆ 1936ರಲ್ಲಿ ಹಾಲಿವುಡ್ ಬೌಲ್‌ನಲ್ಲಿ ಲಾಸ್ ಏಂಜಲಿಸ್ ಫಿಲ್‌ಹಾರ್ಮೋನಿಕ್ ನಡೆಸಿದರು, ದೊಡ್ಡ ಅಮೆರಿಕನ್ ಆರ್ಕೆಸ್ಟ್ರಾ ಒಂದನ್ನು ಕಪ್ಪು ಮನುಷ್ಯ ನಡೆಸಿದ್ದು ಅದೇ ಮೊದಲು. 1978ರಲ್ಲಿ ತೀರಿಕೊಂಡರು. ಬರೆದದ್ದು ಐದು ಸಿಂಫನಿ, ಒಪೆರಾಗಳು, ಬ್ಯಾಲೆಗಳು. ಜನ ಜಾಸ್ತಿ ನುಡಿಸುವುದು ಈಗಲೂ ಇದೊಂದನ್ನೇ. ಅದು ನನಗೆ ಬೇಸರ.

ಕೇಳಲು ನೀಮೆ ಯಾರ್ವಿ ಡೆಟ್ರಾಯಿಟ್ ಸಿಂಫನಿಯವರ ಜೊತೆ ಮಾಡಿರುವ ರೆಕಾರ್ಡಿಂಗ್ ಸಿಕ್ಕರೆ ಅದನ್ನೇ ಹಿಡಿಯಿರಿ. ಜಾನ್ ಜೀಟರ್ ನಡೆಸಿರುವ ಫೋರ್ಟ್ ಸ್ಮಿತ್ ಸಿಂಫನಿಯವರದೂ ಒಳ್ಳೆಯದು, ಆ ಆರ್ಕೆಸ್ಟ್ರಾ ಸ್ಟಿಲ್ ಬೆಳೆದ ಆರ್ಕನ್ಸಾದ್ದೇ. ಪೂರ್ತಿ ಸಿಂಫನಿ ಇಪ್ಪತ್ತೈದು ನಿಮಿಷದ ಒಳಗೆ ಹೊರಗೆ, ಒಂದು ದೊಡ್ಡ ತೋಡಿಗಿಂತ ಚಿಕ್ಕದು. ಆದರೂ ಒಂದೇ ಸಲ ಕೇಳಬೇಡಿ. ಮೂರು ದಿನ ಬರೀ ಮೊದಲ ಭಾಗ ಹಾಕಿ. ಮೊದಲ ದಿನ ಟ್ರಂಪೆಟ್ ಹನ್ನೆರಡು ಬಾರ್ ಮುಗಿಸುವಲ್ಲಿಗೆ ನಿಲ್ಲಿಸಿ, ಬೆರಳಲ್ಲಿ ಎಣಿಸಿ, ಮತ್ತೆ ಹಿಂದಕ್ಕೆ ಹೋಗಿ. ಎರಡನೇ ದಿನ ಓಬೋ ಬರುವವರೆಗೆ. ಮೂರನೇ ದಿನ ಪೂರ್ತಿ ಭಾಗ.

ಆಮೇಲೆ ಆ ಧಾಟಿಯನ್ನು ನಿಮ್ಮ ವಯಲಿನ್‌ನಲ್ಲಿ ಹುಡುಕಿ ನುಡಿಸಿ. ಗಾಂಧಾರದ ಜಾರು ನಿಮಗೆ ಯಾರೂ ಹೇಳಿಕೊಡುವುದು ಬೇಡ. ಶ್ರುತಿ ಪೆಟ್ಟಿಗೆ ಮಾತ್ರ ಆಫ್ ಮಾಡಿಕೊಳ್ಳಿ. ಐದನೇ ಬಾರ್‌ನಲ್ಲಿ ನೀವು ಮಧ್ಯಮಕ್ಕೆ ಹೊರಟಾಗ ಅದು ಜೊತೆಗೆ ಬರುವುದಿಲ್ಲ.